ಓಕ್ ಟ್ರೀ ರಸ್ತೆಯ ಊಟ: ಎಡಿಸನ್ ಮತ್ತು ಸುತ್ತಲಿನ ಊರುಗಳಿಗೆ ಹೊಸದಾಗಿ ಬಂದ ಕನ್ನಡ ಕುಟುಂಬಗಳಿಗೆ ಮಾರ್ಗದರ್ಶಿ

ನ್ಯೂಜರ್ಸಿಯ ಮಿಡ್ಲ್‌ಸೆಕ್ಸ್ ಕೌಂಟಿಗೆ ಹೊಸದಾಗಿ ಬಂದ ಕುಟುಂಬಗಳು ಬಾಡಿಗೆ ಮನೆ, ಮಕ್ಕಳ ಶಾಲೆ, ಕಾರು ಇವುಗಳ ವಿಚಾರವನ್ನು ಕೇಳಿ ಮುಗಿಸಿದ ಮೇಲೆ ನಮ್ಮ ಸಂಘದವರ ಬಳಿ ತಪ್ಪದೆ ಕೇಳುವ ಪ್ರಶ್ನೆಯೆಂದರೆ, ಇಲ್ಲಿ ನಮ್ಮ ಊಟ ಎಲ್ಲಿ ಸಿಗುತ್ತದೆ ಎಂಬುದು. ಹೋಟೆಲುಗಳ ಹೆಸರುಗಳನ್ನು ಬರೆದು ಕೊಟ್ಟುಬಿಡುವುದು ಸುಲಭ. ಆದರೆ ಇಲ್ಲಿ ಹೋಟೆಲುಗಳು ಬೇಗ ಹುಟ್ಟುತ್ತವೆ, ಬೇಗ ಕೈ ಬದಲಾಗುತ್ತವೆ. ಹೆಸರು ಅದೇ ಉಳಿದರೂ ಅಡುಗೆಯವರು ಬೇರೆಡೆಗೆ ಹೋಗಿಬಿಟ್ಟರೆ ರುಚಿಯೂ ಅವರ ಹಿಂದೆಯೇ ಹೋಗುತ್ತದೆ. ಆದ್ದರಿಂದ ಯಾವ ಫಲಕದ ಹಿಂದೆ ಯಾರ ಅಡುಗೆಮನೆ ಇದೆ ಎಂದು ಗುರುತಿಸುವುದು ಹೇಗೆ, ಏನನ್ನು ಕೇಳಬೇಕು, ಬಿಲ್ಲನ್ನು ಹೇಗೆ ಓದಬೇಕು, ಯಾವ ವಿಷಯದಲ್ಲಿ ಎಚ್ಚರ ಬೇಕು ಎಂಬುದನ್ನು ಇಲ್ಲಿ ಬರೆದಿದ್ದೇವೆ. ಅಮೆರಿಕದಲ್ಲಿ ಹೋಟೆಲ್ ಎಂದರೆ ತಂಗುವ ಜಾಗ ಮಾತ್ರ. ದಾರಿ ಕೇಳುವಾಗ ರೆಸ್ಟೋರೆಂಟ್ ಎಂದೇ ಕೇಳಬೇಕು. ಈ ಬರಹದಲ್ಲಿ ಮಾತ್ರ ನಮ್ಮ ರೂಢಿಯಂತೆ ಹೋಟೆಲು ಎಂದೇ ಬಳಸಿದ್ದೇವೆ.

ಊರಿನ ಪರಿಚಯ

ಥಾಮಸ್ ಆಲ್ವಾ ಎಡಿಸನ್ 1876ರಲ್ಲಿ ಪ್ರಯೋಗಾಲಯ ತೆರೆದ ಮೆನ್ಲೊ ಪಾರ್ಕ್ ಇಂದಿನ ಎಡಿಸನ್ ಊರಿನ ಭಾಗ. ರಾರಿಟನ್ ಟೌನ್‌ಶಿಪ್ ಎಂದಿದ್ದ ಹೆಸರನ್ನು 1954ರಲ್ಲಿ ಎಡಿಸನ್ ಎಂದು ಬದಲಿಸಲಾಯಿತು. ಎಡಿಸನ್ನಿನಿಂದ ಹೊರಟು ಪಕ್ಕದ ವುಡ್‌ಬ್ರಿಜ್ ಟೌನ್‌ಶಿಪ್ಪಿಗೆ ಸೇರಿದ ಇಸೆಲಿನ್ ಪೇಟೆಯ ನಡುವೆ ಹಾದುಹೋಗುವ ಓಕ್ ಟ್ರೀ ರಸ್ತೆಯನ್ನು ಇಲ್ಲಿನವರು ಲಿಟಲ್ ಇಂಡಿಯಾ ಎಂದು ಕರೆಯುತ್ತಾರೆ. 1965ರ ವಲಸೆ ಕಾಯಿದೆಯ ನಂತರ ಬಂದ ವೈದ್ಯರು, ಎಂಜಿನಿಯರುಗಳ ಕುಟುಂಬಗಳು ಈ ಭಾಗದಲ್ಲಿ ನೆಲೆ ನಿಂತವು. 1980ರ ದಶಕದ ಕೊನೆಯಿಂದೀಚೆಗೆ, ವ್ಯಾಪಾರ ಕುಂದಿ ಖಾಲಿಬಿದ್ದಿದ್ದ ಅಂಗಡಿಗಳಲ್ಲಿ ಭಾರತೀಯ ವ್ಯಾಪಾರಿಗಳು, ಅವರಲ್ಲಿಯೂ ಗುಜರಾತಿಗಳು, ದಿನಸಿ, ಸೀರೆ, ಚಿನ್ನ, ಸಿಹಿತಿಂಡಿಗಳ ಮಳಿಗೆಗಳನ್ನು ಒಂದೊಂದಾಗಿ ತೆರೆದರು. 2010ರ ಜನಗಣತಿಯ ವೇಳೆಗೆ ಎಡಿಸನ್ನಿನ ಜನಸಂಖ್ಯೆಯಲ್ಲಿ ಶೇ 28ಕ್ಕೂ ಹೆಚ್ಚು ಮಂದಿ ಭಾರತೀಯ ಮೂಲದವರಾಗಿದ್ದರು. 2020ರಲ್ಲಿ ಊರಿನ ಒಟ್ಟು ಜನಸಂಖ್ಯೆ 1,07,588. ಮಾಹಿತಿ ತಂತ್ರಜ್ಞಾನ ಮತ್ತು ಔಷಧ ಕಂಪನಿಗಳ ಕೆಲಸ ಹಿಡಿದು ಬಂದವರು ದಕ್ಷಿಣದ ಸೌತ್ ಬ್ರನ್ಸ್‌ವಿಕ್, ಪ್ಲೇನ್ಸ್‌ಬರೊ, ವೆಸ್ಟ್ ವಿಂಡ್ಸರ್‌ಗಳ ಕಡೆಗೆ ಹರಡಿದಂತೆ, ಹೋಟೆಲುಗಳು ಕೂಡ ರೂಟ್ 27 ಮತ್ತು ರೂಟ್ 1ರ ಉದ್ದಕ್ಕೂ ಇರುವ ಸ್ಟ್ರಿಪ್ ಮಾಲ್‌ಗಳೊಳಗೆ ಅವರನ್ನು ಹಿಂಬಾಲಿಸಿದವು. ಹೊರಗಿನಿಂದ ನೋಡಿದರೆ ಲಾಂಡ್ರಿ ಮತ್ತು ದಂತವೈದ್ಯರ ಕ್ಲಿನಿಕ್ಕುಗಳ ನಡುವೆ ಅಡಗಿರುವ ಸಣ್ಣ ಅಂಗಡಿಯಂತೆ ಕಾಣುವ ಕಡೆಯೇ ಒಳ್ಳೆಯ ದೋಸೆ ಸಿಗಬಹುದು. ಮುಂಭಾಗದ ಅಂದವನ್ನು ಕಂಡು ತೀರ್ಮಾನಕ್ಕೆ ಬರಬೇಡಿ.

ಕಾರು ಇನ್ನೂ ಕೊಳ್ಳದವರು ನ್ಯೂಜರ್ಸಿ ಟ್ರಾನ್ಸಿಟ್‌ನ ನಾರ್ತ್‌ಈಸ್ಟ್ ಕಾರಿಡಾರ್ ರೈಲಿನಲ್ಲಿ ಬಂದು ಇಸೆಲಿನ್‌ನ ಮೆಟ್ರೊಪಾರ್ಕ್ ನಿಲ್ದಾಣದಲ್ಲಿ ಇಳಿಯಬಹುದು. ಕಾರಿದ್ದವರು ಶನಿವಾರ, ಭಾನುವಾರಗಳ ಸಂಜೆ ಓಕ್ ಟ್ರೀ ರಸ್ತೆಯಲ್ಲಿ ನಿಲುಗಡೆಗೆ ಜಾಗ ಹುಡುಕುವುದರಲ್ಲಿಯೇ ಅರ್ಧ ಗಂಟೆ ಕಳೆಯಬೇಕಾಗುತ್ತದೆ. ಮೊದಲ ಭೇಟಿಯನ್ನು ವಾರದ ನಡುವಿನ ದಿನಕ್ಕೆ ಇಟ್ಟುಕೊಳ್ಳುವುದು ಒಳಿತು. ಕೆಲವು ಹೋಟೆಲುಗಳಿಗೆ ಸೋಮವಾರ ಅಥವಾ ಮಂಗಳವಾರ ರಜೆಯಿರುತ್ತದೆ. ಇನ್ನು ಕೆಲವು ಮಧ್ಯಾಹ್ನದ ಊಟ ಮುಗಿದ ಮೇಲೆ ಬಾಗಿಲು ಹಾಕಿ ಸಂಜೆ ತೆರೆಯುತ್ತವೆ. ಹೊರಡುವ ಮುನ್ನ ಫೋನ್ ಮಾಡಿ ಕೇಳಿಕೊಳ್ಳಿ.

ಯಾರ ಅಡುಗೆಮನೆ?

ಹೊಸಬರಿಗೆ ಮೊದಲ ನಿರಾಸೆಯಾಗುವುದು ಸೌತ್ ಇಂಡಿಯನ್ ಎಂಬ ಫಲಕದಿಂದ. ಆ ಫಲಕವನ್ನು ಕಂಡ ಕೂಡಲೇ ದಾವಣಗೆರೆಯ ಬೆಣ್ಣೆ ದೋಸೆಯನ್ನೋ ಮೈಸೂರಿನ ಸೆಟ್ ದೋಸೆಯನ್ನೋ ನೆನೆದು ಒಳಗೆ ಹೋಗುವ ನಮಗೆ ಸಿಗುವುದು ಬಹುಮಟ್ಟಿಗೆ ತಮಿಳು ಅಥವಾ ಆಂಧ್ರ, ತೆಲಂಗಾಣಗಳ ಅಡುಗೆ. ಓಕ್ ಟ್ರೀ ರಸ್ತೆಯ ಶರವಣ ಭವನ್ ಚೆನ್ನೈನ ಸಂಸ್ಥೆಯ ಶಾಖೆ. ಅಲ್ಲಿನ ಸಾಂಬಾರಿನಲ್ಲಿ ಬೆಲ್ಲದ ಸಿಹಿಯನ್ನು ಹುಡುಕಿದರೆ ಸಿಗುವುದಿಲ್ಲ, ಹುಡುಕುವುದೂ ನ್ಯಾಯವಲ್ಲ, ಏಕೆಂದರೆ ಅದು ಅವರ ರುಚಿ, ಅವರ ಕೈಯಲ್ಲಿ ಅದು ಚೆನ್ನಾಗಿಯೇ ಇರುತ್ತದೆ. ಉಡುಪಿ ಎಂಬ ಹೆಸರು ಕೂಡ ಅಮೆರಿಕದಲ್ಲಿ ಸಸ್ಯಾಹಾರಿ ದೋಸೆ ಹೋಟೆಲು ಎಂಬ ಅರ್ಥಕ್ಕೆ ಸವೆದುಹೋಗಿದೆ. ಹೆಸರಿನಲ್ಲಿ ಉಡುಪಿ ಇದ್ದ ಮಾತ್ರಕ್ಕೆ ಅಡುಗೆಯವರು ತುಳುನಾಡಿನವರೆಂದು ತಿಳಿಯಬೇಡಿ.

ಗುರುತಿಸುವುದಕ್ಕೆ ನಾವು ಕಂಡುಕೊಂಡ ದಾರಿ ಇಷ್ಟು. ಮೆನುವಿನ ಮೊದಲ ಪುಟವನ್ನು ಬಿಟ್ಟು ಅನ್ನದ ಪುಟವನ್ನು ನೋಡಿ. ಅಲ್ಲಿ ಬಿರಿಯಾನಿಯ ಬಗೆಗಳೇ ತುಂಬಿದ್ದು ಗೋಂಗುರ ಎಂಬ ಪದ ಕಾಣಿಸಿದರೆ ಅಡುಗೆಮನೆ ತೆಲುಗರದು. ಅಲ್ಲಿ ಖಾರದ ಮಟ್ಟ ಕೇಳಿದಾಗ ಮೀಡಿಯಂ ಎಂದರೂ ಮಕ್ಕಳಿಗೆ ಹೆಚ್ಚಾಗಬಹುದು. ಪೊಂಗಲ್, ಕೊತ್ತು ಪರೋಟ, ಚೆಟ್ಟಿನಾಡು ಕಂಡರೆ ತಮಿಳರದು. ಅಪ್ಪಂ, ಮೀನಿನ ಪದಾರ್ಥಗಳು ಹೆಚ್ಚಾಗಿದ್ದರೆ ಕೇರಳದವರದು. ಕರಾವಳಿಯಿಂದ ಬಂದ ಕುಟುಂಬಗಳಿಗೆ ತೆಂಗಿನ ಕಾಯಿ ಅರೆದು ಮಾಡಿದ ಮೀನಿನ ಸಾರು ಮನೆಯ ರುಚಿಗೆ ಅತ್ಯಂತ ಸಮೀಪವಾಗಿ ಸಿಗುವುದು ಅಲ್ಲಿಯೇ. ಮೆನುವಿನಲ್ಲಿ ಚಿತ್ರಾನ್ನವನ್ನು ಲೆಮನ್ ರೈಸ್ ಎಂದೂ, ಉಪ್ಪಿಟ್ಟನ್ನು ಉಪ್ಮಾ ಎಂದೂ, ಮೊಸರನ್ನವನ್ನು ಕರ್ಡ್ ರೈಸ್ ಎಂದೂ ಬರೆದಿರುತ್ತಾರೆ. ಮೈಸೂರು ಮಸಾಲೆ ದೋಸೆ ಎಂಬುದು ಎಲ್ಲ ಕಡೆಯೂ ಇರುತ್ತದೆ. ಆದರೆ ಒಳಗೆ ಸವರುವ ಕೆಂಪು ಚಟ್ನಿ ಒಂದೊಂದು ಕಡೆ ಒಂದೊಂದು ಬಗೆ. ನೀರು ದೋಸೆ, ಮದ್ದೂರು ವಡೆ, ಅಕ್ಕಿ ರೊಟ್ಟಿ, ಮುದ್ದೆ, ಕೊಡಗಿನ ಕಡುಬು ಇವು ಹೋಟೆಲಿನಲ್ಲಿ ಕಾಣುವುದು ಅಪರೂಪ.

ಉತ್ತರ ಕರ್ನಾಟಕದವರಿಗೆ ಒಂದು ಮಾತನ್ನು ವಿಶೇಷವಾಗಿ ಹೇಳಬೇಕು, ಏಕೆಂದರೆ ಇದು ಬಹಳ ಜನಕ್ಕೆ ವರ್ಷಗಟ್ಟಲೆ ಹೊಳೆಯುವುದಿಲ್ಲ. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿಗಳನ್ನು ಸೌತ್ ಇಂಡಿಯನ್ ಫಲಕದ ಕೆಳಗೆ ಹುಡುಕಿ ಸೋಲುವ ಬದಲು ಗುಜರಾತಿಗಳ ಕಾಠಿಯಾವಾಡಿ ಥಾಲಿ ಮಾಡುವ ಹೋಟೆಲುಗಳಿಗೆ ಹೋಗಿ ನೋಡಿ. ಅವರ ಬಾಜರಿ ರೋಟ್ಲೊ ನಮ್ಮ ಸಜ್ಜೆ ರೊಟ್ಟಿಯ ಒಡಹುಟ್ಟು. ಸುಟ್ಟ ಬದನೆಕಾಯಿಯ ಓಳೊ, ಬೆಳ್ಳುಳ್ಳಿ ಚಟ್ನಿ, ಬೆಲ್ಲ, ಬೆಣ್ಣೆ, ಮಜ್ಜಿಗೆ, ಇವೆಲ್ಲ ಒಂದೇ ತಟ್ಟೆಯಲ್ಲಿ ಬರುತ್ತವೆ. ಮರಾಠಿ ಅಡುಗೆಯ ಹೋಟೆಲು ಸಿಕ್ಕರೆ ಜೋಳದ ಭಾಕರಿಯೂ ಠೇಚಾವೂ ಸಿಗುತ್ತವೆ. ಧಾರವಾಡ, ವಿಜಯಪುರಗಳ ಕಡೆಯ ನಮ್ಮ ಸದಸ್ಯರು ಊರಿನ ನೆನಪಾದಾಗ ಹೋಗುವುದು ಇಂಥ ಕಡೆಗೇ. ಹಾಗೆಯೇ ಗುಜರಾತಿ ದಾಲ್‌ನ ಬೆಲ್ಲದ ಸಿಹಿ ಉಡುಪಿಯ ಹುಳಿಯನ್ನು ತಿಂದು ಬೆಳೆದವರಿಗೆ ಅಪರಿಚಿತವೆನಿಸುವುದಿಲ್ಲ.

ಈ ರಸ್ತೆ ಭಾರತೀಯರದು ಮಾತ್ರವಲ್ಲ. ಪಾಕಿಸ್ತಾನಿ ಹೋಟೆಲುಗಳ ನಿಹಾರಿ ಮತ್ತು ಕಬಾಬ್, ನೇಪಾಳಿಗಳ ಮೊಮೊ, ಬಾಂಗ್ಲಾದವರ ಮೀನಿನ ಅಡುಗೆ, ಇವು ಇಲ್ಲಿನ ದಕ್ಷಿಣ ಏಷ್ಯಾದ ಪೇಟೆಯ ಸಹಜ ಭಾಗಗಳು. ಇಂಡೋ ಚೈನೀಸ್ ಎಂಬ ಪ್ರತ್ಯೇಕ ವರ್ಗವೇ ಇದ್ದು, ಬೆಂಗಳೂರಿನ ಬೀದಿಯಲ್ಲಿ ತಿಂದ ಗೋಬಿ ಮಂಚೂರಿಯನ್ನನ್ನು ಮಕ್ಕಳು ಮೊದಲು ಕೇಳುವುದು ಅಲ್ಲಿಯೇ. ಶ್ರೀಲಂಕಾದ ಊಟ ಬೇಕೆನಿಸಿದರೆ ಸೇತುವೆ ದಾಟಿ ನ್ಯೂಯಾರ್ಕಿನ ಸ್ಟೇಟನ್ ಐಲ್ಯಾಂಡಿಗೆ ಹೋಗಬೇಕು.

ನಿಜವಾಗಿ ನಮ್ಮ ಕಡೆಯ ಅನ್ನ, ಸಾರು ಬೇಕೆನಿಸಿದ ದಿನ ಹೋಟೆಲಿಗಿಂತ ದೇವಸ್ಥಾನಗಳೇ ಮೇಲು. ಎಡಿಸನ್ನಿನಲ್ಲಿರುವ ಶ್ರೀ ಕೃಷ್ಣ ವೃಂದಾವನ ಉಡುಪಿಯ ಅಷ್ಟಮಠಗಳಲ್ಲೊಂದಾದ ಪುತ್ತಿಗೆ ಮಠದ್ದು. ಅಲ್ಲಿನ ಹಬ್ಬದ ಪ್ರಸಾದದ ಪಂಕ್ತಿಯಲ್ಲಿ ಕುಳಿತವರಿಗೆ ತಾವು ಎಲ್ಲಿದ್ದೇವೆಂಬುದು ಸ್ವಲ್ಪ ಹೊತ್ತು ಮರೆತೇ ಹೋಗುತ್ತದೆ. ಬ್ರಿಜ್‌ವಾಟರ್‌ನ ಶ್ರೀ ವೆಂಕಟೇಶ್ವರ ದೇವಸ್ಥಾನದ ಕ್ಯಾಂಟೀನಿನ ದೋಸೆ, ಪುಳಿಯೋಗರೆಗಳಿಗೆ ದೂರದ ಊರುಗಳಿಂದಲೂ ಜನ ಬರುತ್ತಾರೆ. ರಾಬಿನ್ಸ್‌ವಿಲ್‌ನಲ್ಲಿ 2023ರ ಅಕ್ಟೋಬರಿನಲ್ಲಿ ಉದ್ಘಾಟನೆಯಾದ ಸ್ವಾಮಿನಾರಾಯಣ ಅಕ್ಷರಧಾಮದಲ್ಲಿಯೂ ಸಸ್ಯಾಹಾರಿ ಊಟದ ವ್ಯವಸ್ಥೆಯಿದೆ.

ಪಥ್ಯ, ವ್ರತ, ಅಲರ್ಜಿ

ಏಕಾದಶಿಯ ಮರುದಿನದ ಪಾರಣೆಗೋ ಚಾತುರ್ಮಾಸ್ಯದಲ್ಲಿಯೋ ಈರುಳ್ಳಿ, ಬೆಳ್ಳುಳ್ಳಿ ಇಲ್ಲದ ಊಟ ಬೇಕಾದವರು ಗುಜರಾತಿ ಹೋಟೆಲಿನಲ್ಲಿ ಜೈನ್ ಎಂಬ ಒಂದೇ ಪದ ಹೇಳಿದರೆ ಸಾಕು. ಆದರೆ ಜೈನ್ ಎಂದರೆ ಆಲೂಗಡ್ಡೆಯಂಥ ಗೆಡ್ಡೆಗಳೂ ಇರುವುದಿಲ್ಲ. ಆಲೂಗಡ್ಡೆ ಇರಲಿ, ಈರುಳ್ಳಿ ಬೆಳ್ಳುಳ್ಳಿ ಮಾತ್ರ ಬೇಡ ಎನ್ನುವವರು ಸ್ವಾಮಿನಾರಾಯಣ್ ಎಂದು ಹೇಳಬೇಕು. ಸಸ್ಯಾಹಾರಿ ಎಂಬ ಪದದೊಳಗೆ ಅಮೆರಿಕದಲ್ಲಿ ಮೊಟ್ಟೆಯೂ ಸೇರಬಹುದಾದ್ದರಿಂದ, ನಾನ್ ಹಿಟ್ಟಿನಲ್ಲಿ, ಕೇಕಿನಲ್ಲಿ ಮೊಟ್ಟೆ ಇದೆಯೇ ಎಂದು ಬಿಡಿಸಿ ಕೇಳಿ. ಸಸ್ಯಾಹಾರ, ಮಾಂಸಾಹಾರ ಎರಡನ್ನೂ ಮಾಡುವ ಕಡೆ ಕರಿಯುವ ಎಣ್ಣೆ ಒಂದೇ ಬಾಣಲೆಯದೇ ಎಂಬುದೂ ಕೇಳಬೇಕಾದ ಪ್ರಶ್ನೆ. ಹಲಾಲ್ ಬೇಕಾದ ಕುಟುಂಬಗಳಿಗೆ ಇಲ್ಲಿ ಆಯ್ಕೆಗಳು ಬೇಕಾದಷ್ಟಿವೆ. ಹಲಾಲ್ ಎಂದು ಹೇಳಿಕೊಂಡು ಮಾರುವವರು ಯಾವ ಆಧಾರದ ಮೇಲೆ ಹಾಗೆ ಹೇಳುತ್ತಿದ್ದೇವೆಂಬುದನ್ನು ಗ್ರಾಹಕರಿಗೆ ತಿಳಿಸಬೇಕೆಂಬ ಕಾನೂನು ನ್ಯೂಜರ್ಸಿಯಲ್ಲಿ 2000ದಿಂದ ಇದೆ.

ಅಲರ್ಜಿಯ ವಿಷಯದಲ್ಲಿ ನಾವು ಕೈಮುಗಿದು ಕೇಳಿಕೊಳ್ಳುವುದೇನೆಂದರೆ, ಸಂಕೋಚಪಡಬೇಡಿ. ನಮ್ಮ ಸಮಿತಿಯ ಒಬ್ಬರ ಮಗಳಿಗೆ ಗೋಡಂಬಿ ಆಗುವುದಿಲ್ಲ. ಬಂದ ಹೊಸತರಲ್ಲಿ ಒಂದು ಹೋಟೆಲಿನಲ್ಲಿ ಕುರ್ಮಾದಲ್ಲಿ ಗೋಡಂಬಿ ಇದೆಯೇ ಎಂದು ಕೇಳಿದಾಗ, ಮೇಲೆ ಉದುರಿಸಿಲ್ಲ ಎಂಬ ಅರ್ಥದಲ್ಲಿ ಇಲ್ಲ ಎಂಬ ಉತ್ತರ ಬಂತು. ಅರೆದು ಹಾಕಿದ್ದನ್ನು ಬಡಿಸುವವರು ಅರಿತಿರಲಿಲ್ಲ, ಮಗು ಆ ರಾತ್ರಿಯನ್ನು ಆಸ್ಪತ್ರೆಯಲ್ಲಿ ಕಳೆಯಬೇಕಾಯಿತು. ಆದ್ದರಿಂದ ಅರೆದು ಹಾಕಿದ್ದೀರಾ, ಗ್ರೇವಿಯಲ್ಲಿ ಇದೆಯೇ ಎಂದು ಕೇಳಿ, ಅಡುಗೆಮನೆಯಿಂದಲೇ ಉತ್ತರ ತರಿಸಿ. ಅಮೆರಿಕದ ಕಾನೂನು ಗುರುತಿಸುವ ಪ್ರಮುಖ ಅಲರ್ಜಿ ಪದಾರ್ಥಗಳು ಒಂಬತ್ತು. ಒಂಬತ್ತನೆಯದಾಗಿ ಎಳ್ಳು ಸೇರಿದ್ದು 2023ರ ಜನವರಿ 1ರಿಂದ. ಆದರೆ ಹೆಸರನ್ನು ನಮೂದಿಸಬೇಕೆಂಬ ಈ ನಿಯಮ ಪೊಟ್ಟಣದ ಆಹಾರಕ್ಕೆ ಅನ್ವಯಿಸುತ್ತದೆಯೇ ಹೊರತು ಹೋಟೆಲಿನ ತಟ್ಟೆಗಲ್ಲ. ಚಟ್ನಿಪುಡಿಯಲ್ಲಿ ಎಳ್ಳು, ಕೆಂಪು ಚಟ್ನಿಯಲ್ಲಿ ಶೇಂಗಾ ಇರಬಹುದು. ಅಂಗಡಿಯ ಇಂಗಿನ ಪುಡಿಯಲ್ಲಿ ಗೋಧಿ ಹಿಟ್ಟು ಬೆರೆಸಿರುವುದು ಸಾಮಾನ್ಯ. ಗೋಧಿ ಆಗದವರಿಗೆ ಸಾಂಬಾರು ಕೂಡ ತೊಂದರೆ ಕೊಡುವುದು ಇದರಿಂದಲೇ.

ಬಿಲ್ಲು ಮತ್ತು ಟಿಪ್

ಮೆನುವಿನಲ್ಲಿರುವ ಬೆಲೆ ನೀವು ಕೊಡುವ ಬೆಲೆಯಲ್ಲ. ಹೋಟೆಲಿನ ಆಹಾರದ ಮೇಲೆ ನ್ಯೂಜರ್ಸಿಯಲ್ಲಿ ಶೇ 6.625 ಮಾರಾಟ ತೆರಿಗೆ ಇದೆ. ಮನೆಯಲ್ಲಿ ಅಡುಗೆ ಮಾಡಲು ಕೊಳ್ಳುವ ಅಕ್ಕಿ, ಬೇಳೆ, ತರಕಾರಿಗಳ ಮೇಲೆ ಈ ತೆರಿಗೆ ಇಲ್ಲ. ಕುಳಿತು ತಿಂದಾಗ ತೆರಿಗೆ ಸೇರಿಸುವ ಮೊದಲಿನ ಮೊತ್ತದ ಮೇಲೆ ಶೇ 15ರಿಂದ 20ರಷ್ಟು ಟಿಪ್ ಕೊಡುವುದು ಇಲ್ಲಿನ ರೂಢಿ. 60 ಡಾಲರಿನ ಊಟಕ್ಕೆ ತೆರಿಗೆ ಸುಮಾರು 4 ಡಾಲರ್, ಶೇ 18ರ ಟಿಪ್ 10.80 ಡಾಲರ್, ಒಟ್ಟು ಸುಮಾರು 75 ಡಾಲರ್ ಎಂದು ಮೊದಲೇ ಲೆಕ್ಕ ಹಾಕಿಕೊಂಡು ಕೂರಬೇಕು. ಟಿಪ್ ಎಂದರೆ ಊರಿನಲ್ಲಿ ಮೇಜಿನ ಮೇಲೆ ಬಿಟ್ಟುಬರುವ ಚಿಲ್ಲರೆಯಂತಲ್ಲ. 2025ರಲ್ಲಿ ಈ ರಾಜ್ಯದ ಸಾಮಾನ್ಯ ಕನಿಷ್ಠ ವೇತನ ಗಂಟೆಗೆ 15.49 ಡಾಲರ್ ಇದ್ದಾಗ, ಟಿಪ್ ಪಡೆಯುವ ಕೆಲಸದವರಿಗೆ ಮಾಲೀಕರು ನೇರವಾಗಿ ಕೊಡಬೇಕಾಗಿದ್ದ ಕನಿಷ್ಠ ಹಣ 5.62 ಡಾಲರ್ ಮಾತ್ರ. ಉಳಿದದ್ದು ಟಿಪ್ಪಿನಿಂದ ತುಂಬಬೇಕು, ತುಂಬದಿದ್ದರೆ ಮಾಲೀಕರು ಕೊಡಬೇಕು. ನಮಗೆ ನೀರು ತಂದಿಡುವವರು ಬಹುಪಾಲು ನಮ್ಮ ಹಾಗೆಯೇ ಮನೆ ಬಿಟ್ಟು ಬಂದವರು. ನಮ್ಮವರು ಟಿಪ್ ಕೊಡುವುದಿಲ್ಲ ಎಂಬ ಮಾತು ಕೇಳಿದಾಗ ನಮಗೆ ನೋವಾಗುತ್ತದೆ.

ಆರು ಮಂದಿಯೋ ಅದಕ್ಕಿಂತ ಹೆಚ್ಚೋ ಒಟ್ಟಿಗೆ ಹೋದಾಗ ಗ್ರ್ಯಾಚುಟಿ ಎಂಬ ಹೆಸರಿನಲ್ಲಿ ಟಿಪ್ಪನ್ನು ಬಿಲ್ಲಿಗೇ ಸೇರಿಸುವ ಹೋಟೆಲುಗಳಿವೆ. ಅದನ್ನು ನೋಡದೆ ಎರಡನೆಯ ಸಲ ಕೊಡಬೇಡಿ. ಕಾರ್ಡಿನಲ್ಲಿ ಹಣ ಕೊಟ್ಟರೆ ಸರ್‌ಚಾರ್ಜ್ ಹಾಕುವವರು ಅದನ್ನು ಮುಂಚಿತವಾಗಿ ತಿಳಿಸಬೇಕೆಂದೂ, ತಮಗೆ ತಗಲುವ ವೆಚ್ಚಕ್ಕಿಂತ ಹೆಚ್ಚು ಹಾಕಬಾರದೆಂದೂ 2023ರಲ್ಲಿ ರಾಜ್ಯ ಕಾನೂನು ಮಾಡಿದೆ. ನಲ್ಲಿ ನೀರು ಉಚಿತ. ಐಸ್ ಬೇಡವೆಂದು ಕೇಳಿದರೆ ಹಾಗೆಯೇ ಕೊಡುತ್ತಾರೆ. ಮದ್ಯದ ಲೈಸೆನ್ಸನ್ನು ಈ ರಾಜ್ಯ ಪ್ರತಿ 3,000 ಜನಸಂಖ್ಯೆಗೆ ಒಂದರಂತೆ ಮಿತಿಗೊಳಿಸಿರುವುದರಿಂದ ಸಣ್ಣ ಹೋಟೆಲುಗಳಲ್ಲಿ ಅದು ಇರುವುದಿಲ್ಲ. ತಟ್ಟೆಯ ಪ್ರಮಾಣ ದೊಡ್ಡದು; ಉಳಿದದ್ದನ್ನು ಡಬ್ಬಿಗೆ ಹಾಕಿಸಿಕೊಂಡು ಹೋಗುವುದರಲ್ಲಿ ಸಂಕೋಚವೇನಿಲ್ಲ. 2022ರ ಮೇ 4ರಿಂದ ಪ್ಲಾಸ್ಟಿಕ್ ಕೈಚೀಲ ನಿಷೇಧವಾಗಿದೆ, ದೊಡ್ಡ ದಿನಸಿ ಅಂಗಡಿಗಳು ಕಾಗದದ ಚೀಲವನ್ನೂ ಕೊಡುವಂತಿಲ್ಲ. ಪಟೇಲ್ ಬ್ರದರ್ಸ್‌ನಲ್ಲಿ ದಿನಸಿ ಕೊಂಡು ಊಟ ಮುಗಿಸಿ ಬರುವ ಯೋಚನೆಯಿದ್ದರೆ ಕಾರಿನಲ್ಲಿ ನಾಲ್ಕು ಬಟ್ಟೆಯ ಚೀಲಗಳಿರಲಿ.

ಬಾಗಿಲಿನ ಬಳಿ ಆರೋಗ್ಯ ಇಲಾಖೆಯ ತಪಾಸಣೆಯ ಫಲಕ ಅಂಟಿಸಿರುತ್ತಾರೆ. ಅದರಲ್ಲಿ ಸ್ಯಾಟಿಸ್‌ಫ್ಯಾಕ್ಟರಿ ಎಂದಿದ್ದರೆ ಸರಿ. ಕಂಡಿಷನಲಿ ಸ್ಯಾಟಿಸ್‌ಫ್ಯಾಕ್ಟರಿ ಎಂದಿದ್ದರೆ ಕೊರತೆಗಳಿದ್ದು ಅವನ್ನು ಸರಿಪಡಿಸಬೇಕಾಗಿದೆ ಎಂದರ್ಥ. ಚಿಕ್ಕ ಮಕ್ಕಳನ್ನು, ಬಸುರಿಯರನ್ನು, ವಯಸ್ಸಾದ ತಂದೆತಾಯಿಗಳನ್ನು ಕರೆದುಕೊಂಡು ಹೋಗಿದ್ದರೆ ಅಂದು ಬೇರೆ ಕಡೆ ಹೋಗಿ ಎಂಬುದು ನಮ್ಮ ಸಲಹೆ.

ಮನೆಯಿಂದ ಬರುವ ಡಬ್ಬಿ

ಮನೆಯಲ್ಲಿ ಅಡುಗೆ ಮಾಡಿ ವಾರಕ್ಕೆ ಇಷ್ಟು ಡಾಲರ್ ಎಂದು ಟಿಫಿನ್ ಕಳಿಸುವವರ ಫೋನ್ ನಂಬರುಗಳು ಹೊಸಬರಿಗೆ ಬೇಗ ಸಿಗುತ್ತವೆ. ಆ ಊಟ ಎಷ್ಟೋ ಸಲ ಹೋಟೆಲಿಗಿಂತ ರುಚಿಯಾಗಿರುತ್ತದೆ, ಒಬ್ಬರೇ ಇರುವವರಿಗೆ ಅದು ದೊಡ್ಡ ಆಸರೆಯೂ ಹೌದು. ಆದರೆ ಕಾನೂನನ್ನು ಸ್ಪಷ್ಟವಾಗಿ ಹೇಳಬೇಕಾದದ್ದು ನಮ್ಮ ಕರ್ತವ್ಯ. ನ್ಯೂಜರ್ಸಿಯಲ್ಲಿ ಮನೆಯ ಅಡುಗೆಮನೆಯಲ್ಲಿ ಮಾಡಿದ್ದನ್ನು ಮಾರಲು ಅವಕಾಶ ದೊರೆತದ್ದೇ 2021ರ ಅಕ್ಟೋಬರಿನಲ್ಲಿ. ಅದೂ ಅನುಮತಿಪತ್ರ ಪಡೆದು, ವರ್ಷಕ್ಕೆ 50,000 ಡಾಲರಿನ ಮಿತಿಯೊಳಗೆ, ಫ್ರಿಜ್ಜಿನಲ್ಲಿ ಇಡಬೇಕಾಗಿಲ್ಲದ ಬ್ರೆಡ್, ಬಿಸ್ಕತ್ತು, ಒಣ ತಿಂಡಿಗಳಂಥ ಪದಾರ್ಥಗಳಿಗೆ ಮಾತ್ರ. ಅನ್ನ, ಸಾರು, ಪಲ್ಯಗಳ ಡಬ್ಬಿ ಅದರೊಳಗೆ ಬರುವುದಿಲ್ಲ. ಅದಕ್ಕೆ ಲೈಸೆನ್ಸ್ ಇರುವ ವಾಣಿಜ್ಯ ಅಡುಗೆಮನೆ ಬೇಕು. ಟಿಫಿನ್ ಹಾಕಿಸಿಕೊಳ್ಳುವ ಮುನ್ನ ಎಲ್ಲಿ ಅಡುಗೆ ಮಾಡುತ್ತೀರಿ ಎಂದು ಕೇಳಿ.

ಇನ್ನೊಂದು ಮಾತು ಇದಕ್ಕಿಂತ ಮುಖ್ಯವಾದದ್ದು. ಎಚ್-1ಬಿ ಎಂಬ ಕೆಲಸದ ವೀಸಾ ಇರುವವರ ಸಂಗಾತಿಗೆ ಸಿಗುವ ಎಚ್-4 ವೀಸಾದ ಮೇಲೆ ಬಂದು ಮನೆಯಲ್ಲಿರುವ ನಮ್ಮ ಅನೇಕ ಹೆಣ್ಣುಮಕ್ಕಳು ಕೈಯಲ್ಲಿ ಒಳ್ಳೆಯ ಅಡುಗೆಯಿದ್ದು, ಹೊತ್ತೂ ಇದ್ದು, ಹೋಳಿಗೆಯನ್ನೋ ಚಕ್ಕುಲಿಯನ್ನೋ ಮಾಡಿ ಮಾರಬಾರದೇಕೆ ಎಂದು ಕೇಳುತ್ತಾರೆ. ಕೆಲಸದ ಪರವಾನಗಿ, ಅಂದರೆ ಇಎಡಿ, ಇಲ್ಲದೆ ಹೀಗೆ ಸಂಪಾದಿಸುವುದು ವೀಸಾದ ನಿಯಮದ ಉಲ್ಲಂಘನೆಯಾಗಿ ಮುಂದೆ ಇಡೀ ಕುಟುಂಬಕ್ಕೆ ತೊಡಕಾಗಬಹುದು. ಎಚ್-1ಬಿ ಸಂಗಾತಿಯ ಹಸಿರು ಕಾರ್ಡಿನ ಅರ್ಜಿ ಒಂದು ಹಂತ ತಲುಪಿದ ಮೇಲೆ ಎಚ್-4ರವರು ಇಎಡಿ ಕೇಳಲು 2015ರಿಂದ ಅವಕಾಶವಿದೆ. ವಲಸೆ ವಕೀಲರನ್ನು ಕೇಳದೆ ಯಾರ ಮಾತಿನ ಮೇಲೂ ಒಂದು ಡಾಲರಿನ ವ್ಯಾಪಾರವನ್ನೂ ಶುರುಮಾಡಬೇಡಿ.

ಹಬ್ಬಕ್ಕೆ, ನಾಮಕರಣಕ್ಕೆ ಅಡುಗೆ ಹೇಳುವಾಗ

ಕೇಟರಿಂಗನ್ನು ಇಲ್ಲಿ ಟ್ರೇಗಳ ಲೆಕ್ಕದಲ್ಲಿ ಮಾತಾಡುತ್ತಾರೆ. ಹಾಫ್ ಟ್ರೇ, ಫುಲ್ ಟ್ರೇ ಎಂಬ ಅಳತೆ ಎಲ್ಲ ಕಡೆ ಒಂದೇ ಅಲ್ಲ, ಟ್ರೇಯ ಆಳವೂ ಬೇರೆಬೇರೆ. ಆದ್ದರಿಂದ ಎಷ್ಟು ಜನಕ್ಕೆ ಬರುತ್ತದೆ, ಅದೊಂದೇ ಅನ್ನದ ಪದಾರ್ಥವೋ ಇನ್ನೂ ಎರಡಿವೆಯೋ ಎಂದು ಹೇಳಿ ಅವರಿಂದಲೇ ಲೆಕ್ಕ ಹಾಕಿಸಿ, ಬರವಣಿಗೆಯಲ್ಲಿ ಪಡೆಯಿರಿ. ದೀಪಾವಳಿ, ಯುಗಾದಿಗಳ ಸುತ್ತಮುತ್ತ ಎರಡು ಮೂರು ವಾರ ಮುಂಚೆ ಹೇಳದಿದ್ದರೆ ಒಬ್ಬಟ್ಟು ಸಿಗುವುದು ಕಷ್ಟ.

ನಮ್ಮ ಸಂಘದ ಒಂದು ಅನುಭವವನ್ನು ಇಲ್ಲಿ ಹೇಳಬೇಕು. ಒಂದು ರಾಜ್ಯೋತ್ಸವಕ್ಕೆ ಬಿಸಿಬೇಳೆಬಾತ್ ಎಂದು ಹೇಳಿದ್ದೆವು, ಬಂದದ್ದು ಸಾಂಬಾರನ್ನ. ಅಡುಗೆಯವರ ತಪ್ಪೆನ್ನುವಂತಿರಲಿಲ್ಲ, ಅವರ ಊರಿನಲ್ಲಿ ಎರಡೂ ಒಂದೇ. ಮುಂದಿನ ವರ್ಷ ನಮ್ಮ ಹಿರಿಯರೊಬ್ಬರು ಮನೆಯಲ್ಲಿ ಹುರಿದು ಮಾಡಿದ ಪುಡಿಯನ್ನು ಡಬ್ಬಿಯಲ್ಲಿ ತೆಗೆದುಕೊಂಡು ಹೋಗಿ, ಒಣಕೊಬ್ಬರಿ, ಚಕ್ಕೆ, ಮರಾಠಿ ಮೊಗ್ಗು ಯಾವ ಪ್ರಮಾಣದಲ್ಲಿ ಬೀಳಬೇಕೆಂದು ಹೇಳಿ, ಅನ್ನವನ್ನು ಬೇಳೆಯೊಡನೆ ಎಷ್ಟು ಮೆತ್ತಗೆ ಬೇಯಿಸಬೇಕೆಂದು ತೋರಿಸಿ ಬಂದರು. ಅಂದಿನಿಂದ ಆ ಹೋಟೆಲಿನ ಕೇಟರಿಂಗ್ ಮೆನುವಿನಲ್ಲಿ ಬಿಸಿಬೇಳೆಬಾತ್ ಎಂಬ ಹೆಸರು ಉಳಿದುಕೊಂಡಿದೆ, ಬೇರೆಯವರೂ ಅದನ್ನು ಕೇಳಿ ತರಿಸುತ್ತಾರೆ. ಕೇಳುವವರಿಲ್ಲದ ತಿಂಡಿಯನ್ನು ಯಾವ ಹೋಟೆಲೂ ಮಾಡುವುದಿಲ್ಲ. ಗುಜರಾತಿಗಳು, ತೆಲುಗರು ಕೇಳಿ ಕೇಳಿಯೇ ತಮ್ಮ ಅಡುಗೆಯನ್ನು ಈ ರಸ್ತೆಗೆ ತಂದರು. ನೀವೂ ಅಕ್ಕಿ ರೊಟ್ಟಿ ಇದೆಯೇ, ಕಾಯಿ ಹಾಕಿದ ಹುಳಿ ಮಾಡಿಕೊಡುತ್ತೀರಾ ಎಂದು ಕೇಳಿ. ಇಲ್ಲ ಎಂದರೂ ಮುಂದಿನ ಸಲ ಮತ್ತೆ ಕೇಳಿ.

ತಂದ ಊಟವನ್ನು ಇಡುವ ಬಗೆಯಲ್ಲಿ ಮಾತ್ರ ಊರಿನ ಅಭ್ಯಾಸವನ್ನು ಬಿಡಬೇಕು. ಸಭಾಂಗಣದಲ್ಲಿ ಬೆಳಿಗ್ಗೆ ಹನ್ನೊಂದಕ್ಕೆ ಬಂದ ಟ್ರೇಗಳು ಕಾರ್ಯಕ್ರಮ ಮುಗಿಯುವ ತನಕ ಹಾಗೆಯೇ ಇರುತ್ತವೆ. ಇಲ್ಲಿನ ಕೃಷಿ ಇಲಾಖೆಯ ಸಲಹೆಯಂತೆ ಬೇಯಿಸಿದ ಆಹಾರ 40ರಿಂದ 140 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 4ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ, ಎರಡು ಗಂಟೆಗಿಂತ ಹೆಚ್ಚು ಹೊತ್ತು ಇರಬಾರದು. ಬೇಸಿಗೆಯಲ್ಲಿ ಪಾರ್ಕಿನಲ್ಲಿ ವನಭೋಜನ ನಡೆಸಿ ಹೊರಗಿನ ಬಿಸಿ 90 ಡಿಗ್ರಿ ಫ್ಯಾರನ್‌ಹೀಟ್ ದಾಟಿದ್ದರೆ ಒಂದೇ ಗಂಟೆ. ಅನ್ನದ ಪದಾರ್ಥಗಳು ವಾಸನೆ ಬದಲಾಗದೆಯೂ ಕೆಟ್ಟಿರಬಹುದು. ಟ್ರೇಯ ಕೆಳಗೆ ಸ್ಟರ್ನೊ ಎಂಬ ಸಣ್ಣ ಡಬ್ಬಿ ಇಂಧನದ ಉರಿ ಇಡಿಸಿ, ಬಡಿಸುವುದು ಮುಗಿದ ಕೂಡಲೇ ಉಳಿದ ಬಿಸಿಬೇಳೆಬಾತ್, ಚಿತ್ರಾನ್ನಗಳನ್ನು ಅಗಲವಾದ, ಆಳವಿಲ್ಲದ ಪಾತ್ರೆಗಳಿಗೆ ತೆಳ್ಳಗೆ ಹರಡಿ, ಆರುವುದನ್ನು ಕಾಯುತ್ತ ಕೂರದೆ ಫ್ರಿಜ್ಜಿಗೆ ಸೇರಿಸಿ. ಮೊಸರನ್ನವನ್ನು ಮಾತ್ರ ಐಸ್ ತುಂಬಿದ ಡಬ್ಬದೊಳಗಿಟ್ಟೇ ತಂದು, ಅದರೊಳಗಿನಿಂದಲೇ ಬಡಿಸಬೇಕು.